ಹೂತಿಟ್ಟ ನಾಲ್ಕು ಮಡಕೆ

ಪುಯೆಬ್ಲಾ, ಮೆಕ್ಸಿಕೋ
ಜನವರಿ 18, 1996

ಗೌರವಾನ್ವಿತ ಹಸಿಂತಾ ದೊಡ್ಡಮ್ಮನವರಿಗೆ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಬೇಕು. ಹನ್ನೊಂದು ವರ್ಷ ಒಂದು ಸಾಲೂ ಬರೆಯದವಳು ಹೀಗೆ ಏಕಾಏಕಿ ಕಾಗದ ಹಾಕಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ನಿಮ್ಮ ತಂಗಿ ಅಮಾಲಿಯಾಳ ಮಗಳು ಒಡಿಲಿಯಾ. ಏನನ್ನೂ ಕೇಳಲು ಬರೆಯುತ್ತಿಲ್ಲ. ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಯಾಕೆಂದರೆ ಕೊನೆಯಲ್ಲಿ ಒಂದು ವಿಷಯ ಕೇಳುವವಳಿದ್ದೇನೆ.

ಅಮ್ಮ ತೀರಿಕೊಂಡ ವರ್ಷದಿಂದ ಪ್ರತಿ ಡಿಸೆಂಬರಿನಲ್ಲೂ ನನ್ನ ಹಾಸ್ಟೆಲಿಗೆ ನಿಮ್ಮಿಂದ ಒಂದು ತಗಡಿನ ಡಬ್ಬ ಬರುತ್ತದೆ. ಒಳಗೆ ಮೆಂಬ್ರಿಯೋ ಹಣ್ಣಿನ ಕೆಂಪು ಹಲ್ವ. ಕಾಗದ ಇರುತ್ತಿರಲಿಲ್ಲ, ಹಾಗಾಗಿ ನಾನೂ ಬರೆಯಲಿಲ್ಲ. ಇದು ನೆಪ ಎಂದು ಗೊತ್ತು. ಇಂಗ್ಲಿಷ್ ಶಾಲೆಯಲ್ಲಿ ಭಾನುವಾರ ಎಲ್ಲರೂ ಮನೆಗೆ ಕಾಗದ ಬರೆಯಬೇಕಿತ್ತು, ಹಾಸ್ಟೆಲ್ ನೋಡಿಕೊಳ್ಳುವ ಮೇಟ್ರನ್ ಓದಿ ಸಹಿ ಹಾಕಬೇಕಿತ್ತು. ಅಪ್ಪನಿಗೆ ಇಂಗ್ಲೆಂಡಿಗೆ ಬರೆಯುತ್ತಿದ್ದೆ. ನಿಮಗೆ ಬರೆಯೋಣವೆಂದರೆ ಅಮ್ಮನ ಭಾಷೆ ನನಗೆ ಅಡುಗೆಮನೆಯವರ ಹತ್ತಿರ ಇನ್ನೊಂದು ರೊಟ್ಟಿ ಕೇಳುವಷ್ಟು ಮಾತ್ರ ಬರುತ್ತಿತ್ತು.

ಈ ಸಲದ ಡಬ್ಬ ಅರ್ಧವೇ ತುಂಬಿತ್ತು. ಹಲ್ವಕ್ಕೆ ಸುತ್ತಿದ್ದ ಸಾಲ್ತಿಯೋ ಊರಿನ ಪತ್ರಿಕೆಯನ್ನು ಬಿಡಿಸಿ ಓದಿದೆ. ತೋಟಕ್ಕೆ ಮಿತಿ ಮೀರಿ ನೀರು ಬಳಸಿದ ಮನೆಗಳಿಗೆ ಮೊದಲ ಎಚ್ಚರಿಕೆ, ಎರಡನೆಯ ಸಲವೂ ಮೀಟರು ಮಿತಿ ದಾಟಿದರೆ ಅಂಗಳದ ನಲ್ಲಿಗೆ ಮಳೆ ಬರುವ ತನಕ ಸೀಲು ಎಂದಿತ್ತು. ಪಟ್ಟಿಯಲ್ಲಿ ನಿಮ್ಮ ಮನೆಯ ನಂಬರು ಇತ್ತು.

ನಾನೀಗ ಇಲ್ಲಿ ಕೃಷಿ ಕಾಲೇಜಿನಲ್ಲಿ ಮೊದಲ ವರ್ಷ. ಮಣ್ಣು ಮತ್ತು ನೀರು ನಮ್ಮ ಪಾಠ. ನನಗೆ ದೊಡ್ಡದಾಗಿ ಏನೂ ಗೊತ್ತಿಲ್ಲ. ಆದರೆ ಅಮ್ಮ ನಾನು ಹುಟ್ಟಿದ ವರ್ಷ ನಿಮ್ಮ ಅಂಗಳದಲ್ಲಿ ಆ ಮೆಂಬ್ರಿಯೋ ಗಿಡ ನೆಟ್ಟಳೆಂದು ಅಪ್ಪ ಒಮ್ಮೆ ಹೇಳಿದ್ದರು. ಅಮ್ಮನದು ಎಂದು ಬದುಕಿರುವುದು ಅದು ಮತ್ತು ನಾನು. ಆ ಮರ ಹೇಗಿದೆ? ನಾನು ಕೇಳಬೇಕೆಂದಿದ್ದದ್ದು ಇಷ್ಟೇ.

ವಿಧೇಯಳಾದ,
ಒಡಿಲಿಯಾ

*

ಸಾಲ್ತಿಯೋ
ಫೆಬ್ರವರಿ 2, 1996

ಒಡಿಲಿಯಾ,

ನಿನ್ನ ಕಾಗದ ಬಂತು. ನೀರಿನ ಆಫೀಸಿನವರು ಇನ್ನೊಂದು ನೋಟೀಸು ಕಳಿಸಿದರೇನೋ ಅಂದುಕೊಂಡೆ, ಅಷ್ಟು ಗೌರವ ತುಂಬಿತ್ತು ಅದರಲ್ಲಿ. ವಿಧೇಯಳಾದ ಅಂತೆ. ಮೂರು ವರ್ಷದವಳಿದ್ದಾಗ ನನ್ನ ಮಗ್ಗುಲಲ್ಲಿ ಮಲಗಿ ನನ್ನ ಜಡೆ ಅಗೀತಿದ್ದವಳು ನೀನು.

ಡಬ್ಬದೊಳಗೆ ಕಾಗದ ಯಾಕೆ ಇಡಲಿಲ್ಲ ಅಂದರೆ, ನಿನ್ನಪ್ಪ ನಿನ್ನನ್ನು ಆ ಶಾಲೆಗೆ ಹಾಕಿದಾಗ ಒಂದು ಮಾತು ಹೇಳಿದ್ದ: ಹುಡುಗಿ ಇಂಗ್ಲಿಷಿನಲ್ಲೇ ಬೆಳೀಲಿ, ಎರಡು ದೋಣಿಯಲ್ಲಿ ಕಾಲಿಡೋದು ಬೇಡ. ಸರಿ, ಹಲ್ವಕ್ಕೆ ಭಾಷೆ ಇಲ್ಲವಲ್ಲ ಅಂತ ಅದನ್ನೇ ಕಳಿಸಿದೆ.

ಮರ ಇದೆ. ಹೋದ ವರ್ಷ ಮೂವತ್ತೆರಡು ಹಣ್ಣು, ಅದರ ಹಿಂದಿನ ವರ್ಷ ಎರಡು ಬುಟ್ಟಿ. ಇಲ್ಲಿ ನೀರು ವಾರಕ್ಕೆ ಎರಡು ದಿನ. ನಿನ್ನ ತಾತ ಹಾಕಿಸಿದ ಹುಲ್ಲುಹಾಸು ಇದೆಯಲ್ಲ, ನಿನ್ನ ಅಮ್ಮನ ಮದುವೆ ಫೋಟೋದಲ್ಲಿ ಕಾಲಕೆಳಗಿರೋದು, ಅದಕ್ಕೆ ದಿನಾ ಮಧ್ಯಾಹ್ನ ಪೈಪು ಹಿಡೀತಿದ್ದೆ. ನೋಟೀಸು ಬಂದದ್ದು ಅದರಿಂದಲೇ. ಎದುರುಮನೆ ಕ್ಲೆಮೆನ್ಸಿಯಾ ಬೆಳಿಗ್ಗೆ ಎದ್ದು ಬೀದಿಗೆಲ್ಲ ಸ್ನಾನ ಮಾಡಿಸ್ತಾಳೆ, ಅವಳಿಗೆ ನೋಟೀಸು ಇಲ್ಲ. ಬೀದಿ ತೋಟವಲ್ಲವಂತೆ.

ಏಪ್ರಿಲಿನಲ್ಲೊಮ್ಮೆ, ಜೂನಿನಲ್ಲೊಮ್ಮೆ ಮೀಟರು ನೋಡ್ತಾರೆ. ಎರಡರಲ್ಲೂ ಗೆಲ್ಲಬೇಕು. ನಲ್ಲಿಗೆ ಸೀಲು ಬಿದ್ದರೆ ಮರ ಹೋಯಿತು ಅಂತಲೇ. ನಾನು ಅದನ್ನು ಬಿಡುವವಳಲ್ಲ. ಸ್ನಾನದ ನೀರು ಬಕೆಟಿನಲ್ಲಿ ಹಿಡಿದು ಹಾಕ್ತಿದ್ದೇನೆ, ಆದರೆ ಅರುವತ್ತೇಳು ವರ್ಷದ ಸೊಂಟ ದಿನಕ್ಕೆ ಎರಡು ಬಕೆಟಿನ ಮೇಲೆ ಒಪ್ಪೋದಿಲ್ಲ.

ನಿಮ್ಮ ಪುಸ್ತಕದಲ್ಲಿ ಏನಾದರೂ ಇದ್ದರೆ ಬರಿ. ಇಲ್ಲದಿದ್ದರೂ ಬರಿ.

ಹಸಿಂತಾ

*

ಪುಯೆಬ್ಲಾ
ಫೆಬ್ರವರಿ 20, 1996

ಪ್ರಿಯ ದೊಡ್ಡಮ್ಮ,

ಜಡೆ ಅಗಿದದ್ದು ನೆನಪಿಲ್ಲ. ಅದಕ್ಕೂ ಕ್ಷಮೆ ಇರಲಿ.

ಐದು ದಿನ ಲೈಬ್ರರಿಯಲ್ಲಿ ಕೂತಿದ್ದೆ. ಮೊದಲನೆಯದು ಹೇಳಲು ಭಯ. ಹುಲ್ಲುಹಾಸನ್ನು ಬಿಡಬೇಕು. ನಿಮ್ಮ ನೀರಿನಲ್ಲಿ ಮುಕ್ಕಾಲು ಪಾಲನ್ನು ಅದೇ ಕುಡಿಯುತ್ತಿದೆ. ಮಧ್ಯಾಹ್ನ ಪೈಪು ಹಿಡಿದರಂತೂ ಅರ್ಧ ನೀರು ಬೇರಿಗೆ ಇಳಿಯುವ ಮೊದಲೇ ಬಿಸಿಲಿಗೆ ಹೋಗುತ್ತದೆ. ಅದು ತಾತನದು, ಫೋಟೋದಲ್ಲಿ ಇರುವುದು ಎಂದು ಗೊತ್ತು. ಹೇಳಬಾರದಿತ್ತು ಅನಿಸಿದರೆ ಈ ಹಾಳೆ ಹರಿದುಬಿಡಿ. ಮರದ ಬುಡಕ್ಕೆ ಒಣ ಎಲೆ, ಕಾಯಿ ಸಿಪ್ಪೆ, ಏನು ಸಿಕ್ಕರೂ ಒಂದು ಗೇಣು ದಪ್ಪ ಹರಡಿ, ಮಣ್ಣಿಗೆ ನೆರಳಾಗಲಿ.

ಇನ್ನೊಂದು ಇದೆ. ಅದನ್ನು ಓದಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಸಣ್ಣ ಬಾಯಿಯ ನಾಲ್ಕು ಮಣ್ಣಿನ ಮಡಕೆ ತನ್ನಿ. ಬಣ್ಣ, ಹೊಳಪು ಏನೂ ಬಳಿದಿರಬಾರದು, ಬರೀ ಸುಟ್ಟ ಮಣ್ಣಾಗಿರಬೇಕು. ಮರದ ಸುತ್ತ ನಾಲ್ಕು ದಿಕ್ಕಿಗೆ ಕುತ್ತಿಗೆ ಮಟ್ಟ ಹೂಳಿ, ನೀರು ತುಂಬಿ, ಮುಚ್ಚಳ ಹಾಕಿ. ಮಡಕೆ ಒಳಗಿನಿಂದ ಬೆವರುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ನೀರು ಹೊರಗೆ ಹೋಗುತ್ತದೆ, ಒದ್ದೆ ಇದ್ದರೆ ನಿಲ್ಲುತ್ತದೆ. ಮೇಲಿನಿಂದ ಸುರಿಯುವುದನ್ನು ಆಮೇಲೆ ನಿಲ್ಲಿಸಿಬಿಡಿ, ಬೇರುಗಳು ತಾವಾಗಿ ಮಡಕೆಯನ್ನು ಹುಡುಕಿಕೊಂಡು ಬರಲಿ. ಬಕೆಟ್ ಹೊರುವುದೂ ತಪ್ಪುತ್ತದೆ.

ಇದು ಸರಿಯಾಗಿಯೇ ನಡೆಯುತ್ತದೆ ಎಂದು ನಾನು ಕಣ್ಣಾರೆ ಕಂಡಿಲ್ಲ. ಹಾಗಾಗಿ ನಾನೂ ಒಂದನ್ನು ಹಾಸ್ಟೆಲ್ ಅಂಗಳದಲ್ಲಿ, ಅದನ್ನು ನಡೆಸುವ ಸನ್ಯಾಸಿನಿಯರ ಟೊಮೇಟೊ ಗಿಡದ ಪಕ್ಕ ಹೂಳಲು ಅನುಮತಿ ಕೇಳಿದ್ದೇನೆ.

ಒಡಿಲಿಯಾ

*

ಸಾಲ್ತಿಯೋ
ಮಾರ್ಚ್ 16, 1996

ಒಡಿಲಿಯಾ,

ನಿನ್ನ ಹಾಳೆ ಹರಿಯಲಿಲ್ಲ. ಮಡಚಿ ಸಕ್ಕರೆ ಡಬ್ಬದ ಕೆಳಗಿಟ್ಟು ನಾಲ್ಕು ದಿನ ನಿನ್ನನ್ನು ಬೈದೆ. ಹತ್ತೊಂಬತ್ತು ವರ್ಷದ ಹುಡುಗಿ, ನಮ್ಮಪ್ಪನ ಹುಲ್ಲು ಬಿಡು ಅಂತಾಳಲ್ಲ ಅಂತ. ಐದನೆಯ ದಿನ ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ನೀರು ನಿಲ್ಲಿಸಿದ ಎರಡೇ ವಾರಕ್ಕೆ ಹುಲ್ಲು ಚಾಪೆ ಥರ ಆಗಿ, ಒಂದು ಮೂಲೆಯಿಂದ ಎಳೆದರೆ ಸುರುಳಿ ಬಂತು. ಕ್ಲೆಮೆನ್ಸಿಯಾ ಬೇಲಿ ಮೇಲೆ ಮೊಣಕೈ ಊರಿ, "ಹಸಿಂತಾ, ನಿನ್ನ ಅಂಗಳ ಬೋಳುತಲೆ ಆಯಿತಲ್ಲೇ" ಅಂದಳು. ಬೋಳುತಲೆಗೆ ಒಂದು ಚೊಂಬು ಸಾಕು ಕಣೆ, ನಿನ್ನ ಬೀದಿಯ ಜಡೆ ನೀನು ತೊಳಕೋ ಅಂದೆ.

ಮಡಕೆಯವನು ಶನಿವಾರದ ಸಂತೆಗೆ ಬರ್ತಾನೆ. ನೀನು ಹೇಳಿದ ಹಾಗೆ ಹೊಳಪಿಲ್ಲದ ನಾಲ್ಕು ಆರಿಸಿದೆ. ತಟ್ಟಿ ನೋಡಿದೆ, ಗಂಟೆ ಹಾಗೆ ಸದ್ದು. ಮನೆಗೆ ತಂದು ಎರಡು ದಿನ ಮಡಕೆಗೆ ಮಾಡಬೇಕಾದ ಮರ್ಯಾದೆಯೆಲ್ಲ ಮಾಡಿ, ಆಮೇಲೆ ಹೂಳಿದೆ. ಗುಂಡಿ ತೋಡೋಕೆ ಕ್ಲೆಮೆನ್ಸಿಯಾಳ ಗಂಡನನ್ನೇ ಕರೆದೆ, ಅವಳಿಗೆ ಉರಿಯಲಿ ಅಂತ. ಸ್ನಾನದ ನೀರು ಹಾಕೋದನ್ನು ಅಂದಿನಿಂದ ಬಿಟ್ಟಿದ್ದೇನೆ.

ಈಗ ಕೇಳು. ತುಂಬಿ ಇವತ್ತಿಗೆ ಹನ್ನೊಂದು ದಿನ. ಮುಚ್ಚಳ ತೆಗೆದು ನೋಡಿದರೆ ನೀರು ಎರಡು ಬೆರಳು ಇಳಿದಿದೆ, ಅಷ್ಟೇ. ಹನ್ನೊಂದು ದಿನಕ್ಕೆ ಎರಡು ಬೆರಳು. ಇಷ್ಟು ವರ್ಷ ಆ ಮರಕ್ಕೆ ನೀರು ಕುಡಿಸಿ ಕುಡಿಸಿ ಕುಡುಕನನ್ನಾಗಿ ಮಾಡಿದ್ದೆನಾ ಅನಿಸಿತು.

ನಿನ್ನ ಅಮ್ಮನಿಗೂ ಹೀಗೆ ಓದುವ ಹುಚ್ಚಿತ್ತು. ಅವಳೂ ಹೇಳಿದ್ದು ಸರಿಯೇ ಇರುತ್ತಿತ್ತು, ಅದೇ ನನಗೆ ಕೋಪ.

ಹಸಿಂತಾ ದೊಡ್ಡಮ್ಮ

*

ಪುಯೆಬ್ಲಾ
ಮಾರ್ಚ್ 28, 1996

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ನಿಂತು ಓದಿದೆ, ಊಟದ ಗಂಟೆ ಹೊಡೆದದ್ದು ಕೇಳಿಸಲಿಲ್ಲ. ಎರಡು ಬೆರಳು. ಪುಸ್ತಕದಲ್ಲಿ ವಾರಕ್ಕೊಮ್ಮೆಯಾದರೂ ತುಂಬಬೇಕು ಎಂದಿದೆ, ನಿಮ್ಮದು ಪುಸ್ತಕಕ್ಕಿಂತ ಚೆನ್ನಾಗಿದೆ. ಸಾಲ್ತಿಯೋ ಮಣ್ಣು ಜೇಡಿ ಇರಬೇಕು, ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನೇ ಕಾರಣ ಕಂಡುಕೊಂಡೆ.

ಏಪ್ರಿಲ್ ಕೊನೆಗೆ ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ಒಂದು ಪ್ರಯೋಗ ವಿವರಿಸಬೇಕು. ನಿಮ್ಮ ಅಂಗಳವನ್ನೇ ಹೇಳಲೇ? ಹೆಸರು ಹೇಳುವುದಿಲ್ಲ, ಉತ್ತರದ ಒಬ್ಬ ಗೃಹಿಣಿ ಎನ್ನುತ್ತೇನೆ. ನಾನು ಇಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಶಾಲೆಯ ಇಂಗ್ಲಿಷ್ ಹುಡುಗರ ಮಧ್ಯೆ ನಾನು ಮೆಕ್ಸಿಕೋದವಳು, ಇಲ್ಲಿಯವರ ಮಧ್ಯೆ ಇಂಗ್ಲಿಷಿನವಳು. ಒಂದು ಸಲವಾದರೂ ಸರಿಯಾದದ್ದನ್ನು ಹೇಳಿ ಕೂತುಕೊಳ್ಳಬೇಕು ಅಂತ ಆಸೆ.

ನನ್ನ ಮಡಕೆಯನ್ನೂ ಹೂತಿದ್ದಾಯಿತು. "ಇವತ್ತು ಮಡಕೆ ಹೂಳ್ತಾಳೆ, ನಾಳೆ ನಮ್ಮನ್ನೂ ಹೂಳ್ತಾಳೆ" ಎಂದು ವಾರ್ಡನ್ ಸನ್ಯಾಸಿನಿ ಎಲ್ಲರ ಮುಂದೆ ಅಂದರು. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಮರ ಹೂ ಬಿಟ್ಟಿದೆಯೇ?

ನಿಮ್ಮ ಒಡಿಲಿಯಾ

*

ಸಾಲ್ತಿಯೋ
ಏಪ್ರಿಲ್ 15, 1996

ಒಡಿಲಿಯಾ,

ಮೀಟರಿನವನು ಬಂದಿದ್ದ. ಮಿತಿಯ ಅರ್ಧಕ್ಕಿಂತ ಕಡಿಮೆ ಅಂತೆ. ಎರಡು ಸಲ ಮೀಟರನ್ನು ತಟ್ಟಿ ನೋಡಿದ, ಕೆಟ್ಟಿದೆಯೇನೋ ಅಂತ. ಒಂದು ಗೆದ್ದ ಹಾಗಾಯಿತು.

ನೀನು ತರಗತಿಯಲ್ಲಿ ಹೇಳು. ಗೃಹಿಣಿ ಅನ್ನಬೇಡ, ನನಗೆ ಗಂಡನಿರಲಿಲ್ಲ. ದೊಡ್ಡಮ್ಮ ಅನ್ನು.

ಮರ ನಿಂತಿದೆ. ಬಿಸಿಲು ಜೋರು. ಹೂವಿನ ವಿಷಯ ಈ ವರ್ಷ ಯಾರ ಮನೆಯಲ್ಲೂ ಕೇಳಬಾರದು.

ಹಸಿಂತಾ ದೊಡ್ಡಮ್ಮ

*

ಪುಯೆಬ್ಲಾ
ಏಪ್ರಿಲ್ 27, 1996

ಪ್ರೀತಿಯ ದೊಡ್ಡಮ್ಮ,

ನಿನ್ನೆ ತರಗತಿಯಲ್ಲಿ ಎದ್ದು ನಿಂತೆ. ಕಾಗದವನ್ನು ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ದೊಡ್ಡಮ್ಮ ಎಂದೇ ಹೇಳಿದೆ. ಹನ್ನೊಂದು ದಿನಕ್ಕೆ ಎರಡು ಬೆರಳು, ಮೀಟರು ಅರ್ಧಕ್ಕಿಂತ ಕಡಿಮೆ. ಹಿಂದಿನ ಸಾಲಿನವರೂ ತಲೆ ಎತ್ತಿದರು. ನಮ್ಮ ಮೇಷ್ಟ್ರು ಉರ್ಕಿಸಾ ಕೇಳಿದರು, ಬೈಯುವ ದನಿಯಲ್ಲೇನೂ ಅಲ್ಲ: "ನೀರು ಮಡಕೆಯಲ್ಲೇ ಉಳಿದಿದೆ. ಹಾಗಾದರೆ ಮರ ಏನು ಕುಡಿಯಿತಮ್ಮ?"

ಇಷ್ಟು ದಿನ ನೀರು ಉಳಿಯಿತು, ಉಳಿಯಿತು ಎಂದು ಕುಣಿದೆನೇ ಹೊರತು ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಯಾರೋ ನಕ್ಕರು. ಕೂತುಕೊಂಡೆ.

ನಿಮ್ಮಿಂದ ಒಂದನ್ನು ಮುಚ್ಚಿಟ್ಟಿದ್ದೇನೆ, ಈಗ ಹೇಳುತ್ತೇನೆ. ನನ್ನ ಮಡಕೆಯಲ್ಲಿ ನೀರು ನಿಲ್ಲುವುದೇ ಇಲ್ಲ. ಮೂರು ದಿನಕ್ಕೆ ಖಾಲಿ. ಸಂತೆಯಿಂದ ತಂದೆ, ನಲ್ಲಿಯಡಿ ಧೂಳು ತೊಳೆದೆ, ಹೂತೆ, ಇನ್ನೇನೂ ಮಾಡಲಿಲ್ಲ. ಬಿರುಕಿರಬೇಕು, ಒಂದು ಮಡಕೆ ಆರಿಸಲೂ ಬಾರದವಳು ನಾನು ಎಂದು ನಾಚಿಕೆಯಾಗಿ ನಿಮಗೆ ಬರೆಯಲಿಲ್ಲ. ಇವತ್ತು ಬೆಳಿಗ್ಗೆ ಅಗೆದು ತೆಗೆದೆ. ಬಿರುಕಿಲ್ಲ. ಟೊಮೇಟೊ ಬೇರು ಮಡಕೆಯನ್ನು ಬಲೆ ಥರ ಸುತ್ತಿಕೊಂಡಿತ್ತು. ಗಿಡ ನನ್ನ ಸೊಂಟದವರೆಗೆ ಬಂದಿದೆ.

ಅಂದರೆ ನನ್ನದು ಸರಿ, ನಿಮ್ಮದರಲ್ಲಿ ಏನೋ ಆಗಿದೆ. ಮೇಲಿನಿಂದ ನೀರು ಸುರಿಯಬೇಡಿ ಎಂದವಳೂ ನಾನೇ. ದೊಡ್ಡಮ್ಮ, ಮರ ನಿಂತಿದೆ ಎಂದು ಬರೆದಿರಿ. ಎಲೆ ಇದೆಯೇ? ನನಗೆ ನೋವಾಗುತ್ತದೆಂದು ಸುಳ್ಳು ಬರೆಯಬೇಡಿ. ಈ ಕಾಗದ ಮುಟ್ಟಿದ ತಕ್ಷಣ, ಬೇರೇನೂ ಯೋಚಿಸದೆ, ಬುಡಕ್ಕೆ ನೀರು ಹಾಕಿ.

ಒಡಿಲಿಯಾ

*

ಸಾಲ್ತಿಯೋ
ಮೇ 7, 1996

ಒಡಿಲಿಯಾ ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಕೊನೆಯ ಸಾಲು ಓದಿ, ಕನ್ನಡಕ ತೆಗೆಯದೆ ಹೋಗಿ ನಾಲ್ಕು ಬಕೆಟು ಸುರಿದೆ. ಸೊಂಟ ಬೈಯಿತು, ಬೈದುಕೊಳ್ಳಲಿ.

ಎಲೆ ಇಲ್ಲ. ಮಾರ್ಚ್ ಕೊನೆಗೇ ಹಳದಿ ತಿರುಗಿತ್ತು. ಹೂ ಆರು ಬಿಟ್ಟಿತು, ಆರೂ ಮೊಗ್ಗಿನಲ್ಲೇ ಉದುರಿದವು. ಕುಡುಕ ಹೆಂಡ ಬಿಟ್ಟಾಗ ನಡುಗ್ತಾನಲ್ಲ, ಹಾಗೆ ಮರ ಕಡಿಮೆ ನೀರಿಗೆ ಒಗ್ಗಿಕೊಳ್ತಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನೀನು ಓದಿದವಳು, ನೀನು ಹೇಳಿದ್ದು ತಪ್ಪಿರಲಾರದು. ತಪ್ಪು ಅಂತ ಬರೆದರೆ ಇನ್ನು ಹನ್ನೊಂದು ವರ್ಷ ಕಾಗದ ಹಾಕೋದಿಲ್ಲವೇನೋ ಅಂತಲೂ ಇತ್ತು. ಮುದುಕಿಯ ಬುದ್ಧಿ.

ನೀನು ಬರೆದ ಒಂದು ಮಾತನ್ನು ಐದು ಸಲ ಓದಿದೆ. ನಲ್ಲಿಯಡಿ ಧೂಳು ತೊಳೆದೆ, ಹೂತೆ, ಇನ್ನೇನೂ ಮಾಡಲಿಲ್ಲ ಅಂದೆಯಲ್ಲ. ಮಗಳೇ, ನೀನು ಮಡಕೆ ಪಳಗಿಸಲಿಲ್ಲವಾ?

ನಾನು ಪಳಗಿಸಿದೆ. ಹೊಸ ಮಡಕೆ ಮನೆಗೆ ಬಂದರೆ ಯಾರು ತಾನೇ ಪಳಗಿಸದೆ ಬಿಡ್ತಾರೆ? ಒಳಗೂ ಹೊರಗೂ ಬೆಳ್ಳುಳ್ಳಿ ತಿಕ್ಕಬೇಕು, ಸುಣ್ಣದ ನೀರು ಕುದಿಸಬೇಕು, ಆಮೇಲೆ ಮೆಕ್ಕೆಜೋಳದ ಗಂಜಿ ತುಂಬಿ ಸಣ್ಣ ಉರಿಯಲ್ಲಿ ಅರ್ಧ ದಿನ ಇಡಬೇಕು. ಯಾಕೆ ಅಂತ ನಮ್ಮಮ್ಮನನ್ನು ಕೇಳಿದ್ದೆ. "ಇಲ್ಲದಿದ್ದರೆ ಮಡಕೆ ಬೆವರುತ್ತದೆ ಕಣೆ" ಅಂದಿದ್ದಳು. ಗಂಜಿ ಹೋಗಿ ಕಣ್ಣಿಗೆ ಕಾಣದ ತೂತನ್ನೆಲ್ಲ ಮುಚ್ಚಿಬಿಡುತ್ತದೆ. ನಾನು ಒಂದು ಸಲವಲ್ಲ, ಎರಡು ಸಲ ಗಂಜಿ ಕಾಯಿಸಿದೆ, ಅಮಾಲಿಯಾಳ ಮರಕ್ಕೆ ಅಲ್ಲವಾ ಅಂತ. ನಿನಗೆ ಬರೆಯಲಿಲ್ಲ. ಅಕ್ಕಿ ತೊಳೆದು ಒಲೆಗಿಟ್ಟೆ ಅಂತ ಯಾರಾದರೂ ಕಾಗದದಲ್ಲಿ ಬರೀತಾರಾ?

ನಿನಗೆ ಅದನ್ನು ಕಲಿಸುವವರು ಯಾರೂ ಇರಲಿಲ್ಲ. ಅದಕ್ಕೇ ನಿನ್ನ ಟೊಮೇಟೊ ಬದುಕಿತು. ಇದನ್ನು ಯೋಚಿಸಿಕೊಂಡು ಒಲೆಯ ಮುಂದೆ ತುಂಬ ಹೊತ್ತು ಕೂತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಎದ್ದು ಗುದ್ದಲಿ ತಗೊಂಡೆ.

ನಾಲ್ಕೂ ಮಡಕೆ ಮೇಲೆ ಬಂದಿವೆ. ಸುತ್ತಲ ಮಣ್ಣು ಬೂದಿ ಥರ ಒಣಗಿತ್ತು. ದೊಡ್ಡ ಕೊಂಬೆ ಸತ್ತಿದೆ, ಗರಗಸ ಹಿಡಿದು ಕೊಯ್ದೆ. ಉಳಿದ ಎರಡರಲ್ಲಿ ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರು ಇದೆ. ಶನಿವಾರ ಮಡಕೆಯವನ ಹತ್ತಿರ ಹೊಸ ಮಡಕೆ ನಾಲ್ಕು ತಗೊಳ್ತೇನೆ. ಬೆಳ್ಳುಳ್ಳಿ ಬುಟ್ಟಿಯನ್ನು ಆ ದಿನ ಕ್ಲೆಮೆನ್ಸಿಯಾಳ ಮನೆಯಲ್ಲಿಡ್ತೇನೆ, ನನ್ನ ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ.

ಮರ ಉಳಿಯುತ್ತದೆ ಅಂತ ಹೇಳಲಾರೆ. ಬಿಡೋದಿಲ್ಲ ಅಂತ ಮಾತ್ರ ಹೇಳಬಲ್ಲೆ.

ದೊಡ್ಡಮ್ಮ

*

ಸಾಲ್ತಿಯೋ
ಮೇ 31, 1996

ಮಗಳೇ,

ನಿನ್ನ ಉತ್ತರಕ್ಕೆ ಕಾಯದೆ ಬರೀತಿದ್ದೇನೆ. ನಿನಗೆ ಭಯವಾಗಿ ಪೆನ್ನು ಹಿಡಿದಿಲ್ಲ ಅಂತ ಗೊತ್ತು.

ಹೊಸ ಮಡಕೆಗಳು ನಾಲ್ಕು ದಿನಕ್ಕೊಮ್ಮೆ ಖಾಲಿಯಾಗುತ್ತಿವೆ. ಖಾಲಿ ಮಡಕೆ ನೋಡಿ ಇಷ್ಟು ಸಂತೋಷಪಟ್ಟ ಹೆಂಗಸು ಈ ಊರಲ್ಲಿ ನಾನೊಬ್ಬಳೇ ಇರಬೇಕು. ತುಂಬೋದು ಪಾತ್ರೆ ತೊಳೆದ ಎರಡನೆಯ ನೀರಿನಿಂದ, ಬಟ್ಟೆಯಲ್ಲಿ ಸೋಸಿ. ಜೂನಿನ ಮೀಟರಿಗೆ ಹೆದರಿಕೆ ಇಲ್ಲ, ಬೋಳು ಅಂಗಳ ಅಷ್ಟು ಉಳಿಸಿಕೊಟ್ಟಿದೆ. ಮೀಟರಿನವನು ಹೇಗೆ ಮಾಡಿದೆ ಅಂತ ಕೇಳಿ ಹೋದ ಮೇಲೆ ಬೀದಿಯಲ್ಲಿ ಮೂರು ಮನೆಯವರು ಮಡಕೆ ತಂದಿದ್ದಾರೆ. ಒಬ್ಬೊಬ್ಬರ ಬಾಗಿಲಲ್ಲೂ ನಿಂತು ಹೇಳಿ ಬಂದೆ, ಪಳಗಿಸಬೇಡಿ ಅಂತ. ಕ್ಲೆಮೆನ್ಸಿಯಾ ಆಗಲೇ ಬೆಳ್ಳುಳ್ಳಿ ತಿಕ್ಕಿ ಮುಗಿಸಿದ್ದಳು. ಅವಳ ಮಡಕೆಯನ್ನು ಕಿತ್ತುಕೊಂಡು ಬೀನ್ಸ್ ಕಾಳು ಬೇಯಿಸೋಕೆ ಇಟ್ಟುಕೊಂಡೆ. ನನ್ನವೂ ನಾಲ್ಕು ಇವೆ. ಈ ಮನೆಯಲ್ಲಿ ಇನ್ನು ಕಾಳಿಗೆ ಬರವಿಲ್ಲ.

ಎಡಗಡೆ ಕೊಂಬೆಯಲ್ಲಿ ಎಲೆ ಬಂದಿದೆ. ಒಂಬತ್ತು. ಒಂದನ್ನು ಕಿತ್ತು ಕಾಗದದಲ್ಲಿಟ್ಟು ಕಳಿಸೋಣ ಅಂದುಕೊಂಡೆ, ಕೈ ಬರಲಿಲ್ಲ. ಬರೀ ಒಂಬತ್ತೇ ಇವೆ.

ಈ ವರ್ಷ ಹಣ್ಣಿಲ್ಲ. ಡಿಸೆಂಬರಿಗೆ ಡಬ್ಬ ಬರೋದಿಲ್ಲ, ಕಾಯಬೇಡ. ಎಲೆಯನ್ನು ನೀನೇ ಬಂದು ನೋಡು.

ದೊಡ್ಡಮ್ಮ

*

ಪುಯೆಬ್ಲಾ
ಜೂನ್ 10, 1996

ಪ್ರೀತಿಯ ದೊಡ್ಡಮ್ಮ,

ನೀವು ಅಂದದ್ದು ಸರಿ, ಭಯವೇ. ಮೂರು ಕಾಗದ ಬರೆದು ಮೂರನ್ನೂ ದಿಂಬಿನ ಕೆಳಗೆ ಇಟ್ಟಿದ್ದೆ. ಇದು ನಾಲ್ಕನೆಯದು, ಇದನ್ನು ಬರೆದ ಕೂಡಲೇ ಅಂಚೆಗೆ ಹಾಕುತ್ತೇನೆ.

ಒಂಬತ್ತು ಎಲೆ ಎಂಬಲ್ಲಿಗೆ ಬಂದಾಗ ವಾರ್ಡನ್ ಎದುರಿಗಿದ್ದರು. ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಓಡಿಹೋಗಿ ಎರಡು ಟೊಮೇಟೊ ಕಿತ್ತು ತಂದು ನನ್ನ ಕೈಗಿಟ್ಟು, ನಮ್ಮನ್ನು ಹೂಳೋದು ಸದ್ಯಕ್ಕೆ ಬೇಡ ಎಂದರು.

ಮೇಷ್ಟ್ರ ಅನುಮತಿ ಕೇಳಿ ತರಗತಿಯಲ್ಲಿ ಮತ್ತೆ ಎದ್ದು ನಿಂತೆ. ಕಾಗದ ಇಲ್ಲದೆ ಹೇಳಿದೆ. ಮಡಕೆ ಪಳಗಿಸುವುದು ನನಗೆ ಗೊತ್ತಿರಲಿಲ್ಲ, ಅದನ್ನು ಮಾಡಬಾರದೆಂಬುದು ನನ್ನ ಪುಸ್ತಕ ಬರೆದವನಿಗೂ ತೋಚಿರಲಿಲ್ಲ, ಅವನ ಮನೆಯಲ್ಲೂ ಯಾರೂ ಪಳಗಿಸುತ್ತಿರಲಿಲ್ಲವೇನೋ ಎಂದೆ. ತರಗತಿಯ ಅರ್ಧ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು. ಅವರೂ ಪಳಗಿಸಿಯೇ ಹೂಳುತ್ತಿದ್ದರಂತೆ. ಮೇಷ್ಟ್ರು ಪಳಗಿಸಬೇಡಿ ಎಂದು ಹಲಗೆಯ ಮೇಲೆ ಬರೆಸಿದರು, ನನ್ನ ಕೈಯಿಂದಲೇ.

ಜುಲೈ 5ಕ್ಕೆ ಪರೀಕ್ಷೆ ಮುಗಿಯುತ್ತದೆ. ಅಪ್ಪ ಎಂದಿನಂತೆ ಇಂಗ್ಲೆಂಡಿಗೆ ಬಾ ಎಂದಿದ್ದಾರೆ. ಈ ವರ್ಷ ಬರುವುದಿಲ್ಲ ಎಂದು ಅವರಿಗೆ ಬರೆದಾಯಿತು, ಇಂಗ್ಲಿಷಿನಲ್ಲಿ, ಕ್ಷಮೆ ಕೇಳದೆ. 6ರ ಬೆಳಿಗ್ಗೆ ಇಲ್ಲಿಂದ ಬಸ್ಸು ಹೊರಡುತ್ತದೆ. ಇನ್ನೂ ಎರಡು ಪಳಗಿಸದ ಮಡಕೆ ತೊಡೆಯ ಮೇಲಿಟ್ಟುಕೊಂಡು ತರುತ್ತೇನೆ, ಅವು ಮರಕ್ಕೆ. ಕಾಳು ಬೇಯಿಸಲು ಬೇರೆ ಒಂದು ಕೊಂಡಿದ್ದೇನೆ. ಅದನ್ನು ಹೇಗೆ ಪಳಗಿಸಬೇಕೆಂದು ನಿಮ್ಮ ಒಲೆಯ ಮುಂದೆ ಕೂತು ಕಲಿಯಬೇಕು, ಬೆಳ್ಳುಳ್ಳಿಯಿಂದ ಹಿಡಿದು. ಎರಡನ್ನೂ ಅದಲುಬದಲು ಮಾಡದ ಹಾಗೆ ಕಾಳಿನ ಮಡಕೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದೇನೆ.

ಆದರೆ ದೊಡ್ಡಮ್ಮ, ಬಂದು ನೋಡು ಎಂದು ನೀವು ಬರೆದದ್ದು ಮಾತಿಗೋ, ನಿಜಕ್ಕೋ? ನನ್ನನ್ನು ಯಾರೂ ಮನೆಗೆ ಹೀಗೆ ಕರೆದದ್ದಿಲ್ಲ, ನನಗೆ ಅಂದಾಜು ಸಿಗುವುದಿಲ್ಲ. ಟಿಕೇಟನ್ನು ಜುಲೈ ಮೂರರ ಒಳಗೆ ತೆಗೆದುಕೊಳ್ಳಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಒಡಿಲಿಯಾ